ಅತ್ತಿಗೆಯ ಜರಡಿ

ಆ ಆಫೀಸಿನಲ್ಲಿ ಎಲ್ಲರೂ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಮೊದಲು ಹಾಗಿರಲಿಲ್ಲ. ಬಹಳ ವರ್ಷ ಅವಳು ಕಿರಿಯರ ಪಾಲಿಗೆ ಮೇಡಂ ಆಗಿದ್ದಳು, ಅರ್ಜಿ ಫಾರ್ಮುಗಳ ಕೆಲಸ ನೋಡುತ್ತಿದ್ದುದರಿಂದ ಯಜಮಾನರ ಬಾಯಲ್ಲಿ 'ನಮ್ಮ ಫಾರ್ಮಿನವರು' ಆಗಿದ್ದಳು. ಗಂಡನ ತಂಗಿ ಅಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಅದು ಬದಲಾಯಿತು. ಮಧ್ಯಾಹ್ನದ ಹೊತ್ತಿಗೆ ಆ ಹುಡುಗಿ ಕೋಣೆಯ ಆ ತುದಿಯಿಂದ, "ಅತ್ತಿಗೇ, ನನ್ನ ಊಟದ ಡಬ್ಬಿ ನಿಮ್ಮ ಚೀಲದಲ್ಲೇ ಉಳೀತಾ?" ಎಂದು ಕೂಗಿದಳು. ಎಲ್ಲರೂ ನಕ್ಕರು. ಸಂಜೆಯೊಳಗೆ ಚಹಾ ತರುವವನಿಂದ ಹಿಡಿದು ಯಜಮಾನರವರೆಗೆ ಎಲ್ಲರಿಗೂ ಅವಳು ಅತ್ತಿಗೆಯಾದಳು.

ಪ್ರೀತಿಯಿಂದಲೇ ಕರೆಯುತ್ತಿದ್ದರು, ಇಲ್ಲವೆನ್ನುವಂತಿಲ್ಲ. ಆದರೆ ಅವಳಿಗೆ ಅದು ಉಗುರಿನ ಸಂದಿಯಲ್ಲಿ ಸೇರಿದ ಸಿಬಿರಿನಂತೆ ಚುಚ್ಚುತ್ತಿತ್ತು. ಅಷ್ಟು ವರ್ಷ ಬೆವರು ಸುರಿಸಿದ ಜಾಗದಲ್ಲಿ, ನಿನ್ನೆ ಮೊನ್ನೆ ಕಾಲಿಟ್ಟವಳ ಸಂಬಂಧಿಕಳು ಎಂದು ಗುರುತಿಸಿಕೊಳ್ಳುವುದೆಂದರೆ!

ಆ ಆಫೀಸು ಇದ್ದದ್ದು ಒಂದು ಮುದ್ರಣಾಲಯದ ಮೇಲಿನ ಅಂತಸ್ತಿನಲ್ಲಿ. ಯಜಮಾನರ ತಂದೆಯ ಕಾಲದಲ್ಲಿ ಕೆಳಗೆ ಶಾಲೆಗಳ ಪ್ರವೇಶ ಅರ್ಜಿ, ಆಸ್ಪತ್ರೆಗಳ ಚೀಟಿ, ಸಂಘ ಸಂಸ್ಥೆಗಳ ಸದಸ್ಯತ್ವದ ಹಾಳೆ ಎಲ್ಲ ಅಚ್ಚಾಗುತ್ತಿದ್ದವು. ಕಾಗದದ ಕೆಲಸ ಇಳಿಮುಖವಾದಾಗ ಮಗ ಅದೇ ಗಿರಾಕಿಗಳನ್ನು ಮೆಟ್ಟಿಲು ಹತ್ತಿಸಿ ಕರೆದುಕೊಂಡು ಬಂದು ವೆಬ್‌ಸೈಟು ಮಾಡಿಕೊಡತೊಡಗಿದರು. ಕೆಳಗೆ ಯಂತ್ರ ಓಡಿದಾಗ ಮೇಲಿನ ಮೇಜುಗಳು ಈಗಲೂ ಸಣ್ಣಗೆ ನಡುಗುತ್ತಿದ್ದವು. ಇಟ್ಟ ಪೆನ್ನು ತಾನಾಗಿಯೇ ಉರುಳಿ ಅಂಚಿಗೆ ಬರುತ್ತಿತ್ತು.

ವೆಬ್‌ಸೈಟಿನ ಬಣ್ಣ, ಚಿತ್ರ, ಅಲಂಕಾರ ಬೇರೆಯವರ ಪಾಲು. ಹೆಸರು, ವಯಸ್ಸು, ಫೋನ್ ನಂಬರು ತುಂಬಿಸುವ ಖಾಲಿ ಚೌಕಗಳು ಅತ್ತಿಗೆಯ ಪಾಲು. ಯಾರಿಗೂ ಬೇಡದ ಕೆಲಸ ಅದು. ಜನ ಆ ಚೌಕಗಳಲ್ಲಿ ಏನು ಬರೆಯುತ್ತಾರೆಂದು ಹೇಳಲು ಬರುವುದಿಲ್ಲ. ಫೋನ್ ನಂಬರಿನ ಜಾಗದಲ್ಲಿ 'ಗಂಡನ ಹತ್ತಿರ ಇದೆ' ಎಂದು ಬರೆದವರಿದ್ದರು. ಇನ್ನೂ ಬಾರದ ವರ್ಷದಲ್ಲಿ ಹುಟ್ಟಿದವರಿದ್ದರು. ಬಂದದ್ದನ್ನೆಲ್ಲ ಸೋಸಿ, ಸರಿಯಿದ್ದದ್ದನ್ನು ಒಳಗೆ ಬಿಟ್ಟು, ತಪ್ಪಿದ್ದನ್ನು ತಡೆದು, ಎಲ್ಲಿ ತಪ್ಪಿತು ಎಂದು ಮೆಲ್ಲಗೆ ತಿಳಿಸಬೇಕು. ಅದಕ್ಕಾಗಿ ಅವಳು ತಾನೇ ಕೂತು ಒಂದು ಕೋಡ್ ಬರೆದಿದ್ದಳು. ಅದಕ್ಕೆ ಜರಡಿ ಎಂದು ಹೆಸರಿಟ್ಟಿದ್ದಳು.

ಜರಡಿ ಒಂದೇ ಸಲಕ್ಕೆ ಹುಟ್ಟಿದ್ದಲ್ಲ. ಪ್ರತಿಯೊಂದು ಪೇಚಾಟದ ನಂತರ ಅದರಲ್ಲಿ ಒಂದು ನಿಯಮ ಸೇರುತ್ತಿತ್ತು. ಒಮ್ಮೆ ಅವಳಿ ಮಕ್ಕಳ ತಾಯಿ ಶಾಲೆಯ ಅರ್ಜಿ ತುಂಬಿಸಿದಾಗ, ಹುಟ್ಟಿದ ದಿನ, ತಂದೆ ತಾಯಿ, ವಿಳಾಸ ಎಲ್ಲ ಒಂದೇ ಎಂದು ಎರಡನೇ ಮಗುವನ್ನು ಅದು ಹೊರಗಿಟ್ಟಿತ್ತು. ಆ ತಾಯಿ ಶಾಲೆಗೆ ಹೋಗದೆ ನೇರ ಮುದ್ರಣಾಲಯಕ್ಕೇ ಬಂದು, "ನನ್ನ ಎರಡನೇ ಮಗು ಎಲ್ಲಿ?" ಎಂದು ಗಂಟಲು ಹರಿಯುವಂತೆ ಕೂಗಾಡಿದ್ದಳು. ಅಂದಿನಿಂದ ಜರಡಿಗೆ ಅವಳಿಗಳೂ ಗೊತ್ತು. ಕೇವಲ ಒಂದಕ್ಷರದ ಹೆಸರಿನವರೂ ಗೊತ್ತು. ಆಫೀಸಿನಲ್ಲಿ ಯಾವ ಫಾರ್ಮು ಬಂದರೂ "ಜರಡಿ ಹಿಡೀರಿ" ಎನ್ನುವುದು ಮಾತಿನ ರೂಢಿಯಾಗಿತ್ತು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವಳ ಮನಸ್ಸು ತುಂಬಿ ಬರುತ್ತಿತ್ತು.

ನಾದಿನಿಯನ್ನು ಆ ಕೆಲಸಕ್ಕೆ ಸೇರಿಸಿದ್ದು ಅವಳೇ. ಅದನ್ನು ನೆನೆದರೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯುತ್ತಿರಲಿಲ್ಲ. ಹುಡುಗಿ ಓದು ಮುಗಿಸಿ ಅಣ್ಣನ ಮನೆಗೆ ಬಂದಿದ್ದಳು. ಅಣ್ಣ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವನು, ಮಾತು ಕಡಿಮೆ. ತಂದೆ ತಾಯಿ ಬೇಗ ಹೋದದ್ದರಿಂದ ತಂಗಿಯನ್ನು ಅವನೇ ಎತ್ತಿ ಆಡಿಸಿ ಬೆಳೆಸಿದ್ದ. "ನಮ್ಮ ಆಫೀಸಲ್ಲೇ ಕೇಳ್ತೀನಿ ಬಿಡಿ, ನನ್ನ ಕಣ್ಣೆದುರಿಗೇ ಇರ್ತಾಳೆ," ಎಂದು ಅತ್ತಿಗೆಯೇ ಮುಂದೆ ಬಿದ್ದು ಹೇಳಿದ್ದಳು. ಕೈಕೆಳಗೆ ಒಬ್ಬಳು ಮನೆಯವಳೇ ಇದ್ದರೆ ಎಷ್ಟು ಚೆನ್ನ ಎಂದುಕೊಂಡಿದ್ದಳು.

ಆ ಹುಡುಗಿ ಕೈಕೆಳಗೆ ನಿಲ್ಲುವ ಪೈಕಿಯಲ್ಲ. ಕೆಲಸ ಮುಗಿಸಿ ಗುನುಗುತ್ತ ಓಡಾಡುತ್ತಿದ್ದಳು. ಹೇಳಿಕೊಟ್ಟದ್ದನ್ನು ಅರ್ಧಕ್ಕೇ ಹಿಡಿದು, "ಗೊತ್ತಾಯ್ತು ಅತ್ತಿಗೆ," ಎಂದುಬಿಡುತ್ತಿದ್ದಳು. ಇನ್ನೂ ಹೊಟ್ಟೆ ಉರಿಸುವ ಸಂಗತಿಯೆಂದರೆ, ಅವಳಿಗೆ ನಿಜವಾಗಿಯೂ ಗೊತ್ತಾಗಿರುತ್ತಿತ್ತು. ಯಜಮಾನರು ಮೊದಲೆಲ್ಲ ಚಹಾ ಲೋಟ ಹಿಡಿದು ಅತ್ತಿಗೆಯ ಮೇಜಿನ ಬಳಿ ನಿಲ್ಲುತ್ತಿದ್ದವರು, ಈಗ ಎರಡು ಹೆಜ್ಜೆ ಮುಂದೆ ಹೋಗಿ ನಾದಿನಿಯ ಮೇಜಿನ ಬಳಿ ನಿಲ್ಲುತ್ತಿದ್ದರು.

ಮನೆಯಲ್ಲೂ ಹಾಗೆಯೇ. ಗಂಡ ಊಟದ ಹೊತ್ತಿಗೆ ಹೆಂಡತಿಯ ಆಫೀಸಿನ ಕತೆ ಕೇಳುತ್ತ "ಹ್ಞೂಂ" ಎನ್ನುತ್ತಿದ್ದವನು. ಅಷ್ಟೇ ಅವನ ಮಾತು, ಅಷ್ಟರಲ್ಲೇ ಅವಳಿಗೆ ತೃಪ್ತಿಯಿತ್ತು. ಈಗ ಅದೇ ಕತೆಯನ್ನು ತಂಗಿ ಹೇಳಿದರೆ ಅವನು ನಗುತ್ತಿದ್ದ. ಹಲ್ಲು ಕಾಣುವಂತೆ ನಗುತ್ತಿದ್ದ. ಇವರಿಗೆ ಹೀಗೂ ನಗಲು ಬರುತ್ತದೆಯೇ ಎಂದು ಅವಳು ಅನ್ನದ ತಟ್ಟೆ ನೋಡುತ್ತ ಕೂರುತ್ತಿದ್ದಳು. ಬಚ್ಚಲಿನ ಗೋಡೆಯ ಮೊಳೆಯಲ್ಲಿ ತನ್ನ ಟವೆಲಿನ ಮೇಲೆ ನಾದಿನಿಯ ಟವೆಲು ಕಂಡರೂ ಅವಳಿಗೆ ಎದೆಯಲ್ಲಿ ಚುರ್ ಎನ್ನುತ್ತಿತ್ತು. ತನ್ನ ಬುದ್ಧಿಗೆ ತಾನೇ ನಾಚಿ, ಟವೆಲನ್ನು ನೀಟಾಗಿ ಮಡಿಸಿ ಪಕ್ಕದ ಮೊಳೆಗೆ ಹಾಕುತ್ತಿದ್ದಳು.

ಹೀಗಿರುವಾಗ ಹಲ್ಲಿನ ಆಸ್ಪತ್ರೆಯ ಕೆಲಸ ಬಂತು. ಹಲವು ಶಾಖೆಗಳಿದ್ದ ದೊಡ್ಡ ಆಸ್ಪತ್ರೆ. ರೋಗಿಗಳ ನೋಂದಣಿಗೆ ಉದ್ದನೆಯ ಫಾರ್ಮು ಬೇಕಿತ್ತು. ಒಂದೇ ಪುಟದಲ್ಲಿ ಮುಗಿಯುವಂಥದ್ದಲ್ಲ. ಹೆಸರು ವಿಳಾಸ ಒಂದು ಪುಟ, ಹಳೆಯ ಕಾಯಿಲೆಗಳು ಒಂದು ಪುಟ, ರೋಗಿ ಮಗುವಾದರೆ ಪೋಷಕರ ವಿವರ ಬೇರೆ. ಯಜಮಾನರು ಎಲ್ಲರನ್ನೂ ಕೂರಿಸಿಕೊಂಡು, "ಜರಡಿ ಹಿಡಿಯೋಣ, ಅಲ್ವಾ?" ಎಂದರು.

ನಾದಿನಿ ಮೆಲ್ಲಗೆ ಕೈಯೆತ್ತಿದಳು. "ಸರ್, ಜರಡಿ ಒಂದೇ ಪುಟದ ಫಾರ್ಮಿಗೆ ಅಂತ ಬರೆದಿದ್ದು. ಇಲ್ಲಿ ಹಿಂದೆ ಮುಂದೆ ಹೋದಾಗ ತುಂಬಿಸಿದ್ದೆಲ್ಲ ನೆನಪಿಡ್ಬೇಕು. ಅದನ್ನೆಲ್ಲ ಕೈಯಾರೆ ಬರೀಬೇಕಾಗತ್ತೆ. ಈ ಕೆಲಸಕ್ಕೇ ಅಂತ ಬೇರೆಯವರು ಬರೆದಿಟ್ಟು ಸಿದ್ಧವಾಗಿ ಸಿಗೋ ಕೋಡ್ ಲೈಬ್ರರಿಗಳಿವೆ. ಸಾವಿರಾರು ಜನ ಬಳಸ್ತಿದಾರೆ. ನಿಯಮ ಒಂದು ಕಡೆ ಬರೆದ್ರೆ ಸಾಕು, ತುಂಬಿಸೋರ ಬ್ರೌಸರಲ್ಲೂ ಅದೇ ನಡೆಯತ್ತೆ, ನಮ್ಮ ಸರ್ವರಲ್ಲೂ ಅದೇ ನಡೆಯತ್ತೆ."

ಅತ್ತಿಗೆಯ ಕಿವಿ ಬಿಸಿಯಾಯಿತು. "ಸಾವಿರಾರು ಜನ ಬಳಸ್ತಾರೆ ಅಂದ್ಮಾತ್ರಕ್ಕೆ ನಮಗೆ ಹೊಂದತ್ತೆ ಅಂತೇನಿಲ್ಲ. ಬರೆದೋರು ನಾಳೆ ಅದನ್ನ ಕೈಬಿಟ್ರೆ? ಕೆಟ್ರೆ ಯಾರ ಕೊರಳಪಟ್ಟಿ ಹಿಡ್ಕೊಂಡು ಕೇಳೋದು? ಜರಡಿ ಕೆಟ್ರೆ ನಾನಿದೀನಿ."

"ನೀವು ರಜ ಹಾಕಿದ್ರೆ ಅತ್ತಿಗೆ?" ಎಂದು ಯಜಮಾನರು ನಕ್ಕರು. ತಮಾಷೆಗೇ ಅಂದದ್ದು. ಕೋಣೆಯಲ್ಲಿ ಎಲ್ಲರೂ ನಕ್ಕರು, ನಾದಿನಿಯೂ ನಕ್ಕಳು. ಕೊನೆಗೆ ಯಜಮಾನರು ಒಂದು ದಾರಿ ಹೇಳಿದರು. ಇಬ್ಬರೂ ಒಂದೊಂದು ಫಾರ್ಮು ಮಾಡುವುದು, ಒಬ್ಬಳು ಜರಡಿಯಿಂದ, ಇನ್ನೊಬ್ಬಳು ಹೊಸ ಲೈಬ್ರರಿಯಿಂದ. ಆಸ್ಪತ್ರೆಯ ಕೌಂಟರಿನಲ್ಲೇ ಎರಡನ್ನೂ ಪರೀಕ್ಷಿಸುವುದು. ಗೆದ್ದದ್ದು ಉಳಿಯುತ್ತದೆ.

ಅತ್ತಿಗೆ ಕಚ್ಚೆ ಕಟ್ಟಿ ನಿಂತಳು. ಹಿಂದೆ ಮುಂದೆ ಹೋಗುವುದನ್ನು, ತುಂಬಿಸಿದ್ದನ್ನು ನೆನಪಿಡುವುದನ್ನು ಜರಡಿಗೆ ಹೊಸದಾಗಿ ಕಲಿಸಲು ಒದ್ದಾಡಿದಳು. ಒಂದು ಕಡೆ ಹೊಲಿದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತಿತ್ತು. ಪಕ್ಕದ ಮೇಜಿನಲ್ಲಿ ಗುನುಗು ನಿಲ್ಲುತ್ತಲೇ ಇರಲಿಲ್ಲ.

ಪರೀಕ್ಷೆಗೆ ಮುಂಚಿನ ಭಾನುವಾರ ಬೆಳಿಗ್ಗೆ ಅಣ್ಣ ತಂಗಿ ಚಪ್ಪಲಿ ಕೊಳ್ಳಲು ಹೊರಗೆ ಹೋದರು. "ಅತ್ತಿಗೆ, ನನ್ನ ಫಾರ್ಮ್ ಒಂದ್ಸಲ ನೋಡಿಡ್ತೀರಾ? ನಿಮ್ಮ ಕಣ್ಣಿಗೆ ಬೀಳದ್ದು ಯಾರ ಕಣ್ಣಿಗೂ ಬೀಳಲ್ಲ," ಎಂದು ಹೋಗುವಾಗ ಹುಡುಗಿ ಹೇಳಿ ಹೋಗಿದ್ದಳು. ಅತ್ತಿಗೆ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಳು. ಇದು ಜರಡಿಗಿಂತ ಚೆನ್ನಾಗಿದೆ ಎಂದು ಮೊದಲ ನೋಟಕ್ಕೇ ಗೊತ್ತಾಯಿತು. ಫಾರ್ಮು ನೀರು ಹರಿದಂತೆ ಓಡುತ್ತಿತ್ತು. ಒಂದು ಚೌಕ ಬಿಟ್ಟು ಇನ್ನೊಂದಕ್ಕೆ ಹೋದ ಮೇಲೆ ಮಾತ್ರ ತಪ್ಪನ್ನು ಹೇಳುತ್ತಿತ್ತು. ಹಿಂದಿನ ಪುಟಕ್ಕೆ ಹೋಗಿ ಬಂದರೂ ತುಂಬಿಸಿದ್ದು ಹಾಗೇ ಇತ್ತು.

ಅವಳು ತಪ್ಪು ಹುಡುಕಲು ಕೂತವಳು, ಬಿಡಲಿಲ್ಲ. ಜನ ಮಾಡುವ ಎಲ್ಲ ಎಡವಟ್ಟನ್ನೂ ಮಾಡಿ ನೋಡಿದಳು. ಕೊನೆಗೆ ಮಗು ಎಂದು ಗುರುತು ಹಾಕಿ, ಪೋಷಕರ ಚೌಕ ತೆರೆದುಕೊಂಡ ಮೇಲೆ ಅದನ್ನು ಖಾಲಿ ಬಿಟ್ಟು, ಹಿಂದೆ ಹೋಗಿ ವಯಸ್ಕ ಎಂದು ಬದಲಾಯಿಸಿದಳು. ಪೋಷಕರ ಚೌಕ ಮರೆಯಾಯಿತು. ಮುಂದಿನ ಪುಟಕ್ಕೆ ಹೋಗಲು ಮುಂದಿನ ಬಟನ್ ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ಚೌಕ ಕಣ್ಣಿಗೆ ಕಾಣದಿದ್ದರೂ ಅದರ ನಿಯಮ ಒಳಗೆ ಜೀವಂತವಿತ್ತು. ತುಂಬಿಸಿಲ್ಲ ಎಂದು ತಡೆಯುತ್ತಿತ್ತು, ಆದರೆ ದೂರು ಹೇಳಲು ಅದಕ್ಕೆ ಜಾಗವೇ ಇರಲಿಲ್ಲ. ತುಂಬಿಸುವವರಿಗೆ ಬಟನ್ ಸತ್ತಂತೆ ಕಾಣುತ್ತಿತ್ತು, ಅಷ್ಟೆ.

ಅತ್ತಿಗೆಗೆ ಆದ ಖುಷಿ ಅಷ್ಟಿಷ್ಟಲ್ಲ. ಎದ್ದು ಒಂದು ಲೋಟ ನೀರು ಕುಡಿದಳು. ಮತ್ತೆ ಕೂತು ಇನ್ನೊಮ್ಮೆ ಮಾಡಿ ನೋಡಿ ಖಚಿತ ಮಾಡಿಕೊಂಡು ಲ್ಯಾಪ್‌ಟಾಪ್ ಮುಚ್ಚಿದಳು.

ಹುಡುಗಿ ಹೊಸ ಚಪ್ಪಲಿ ಹಾಕಿಕೊಂಡೇ ಒಳಗೆ ಬಂದು, "ಹೇಗಿದೆ ಅತ್ತಿಗೆ?" ಎಂದಳು. ಚಪ್ಪಲಿಯೋ ಫಾರ್ಮೋ ಎಂದು ಅತ್ತಿಗೆಗೆ ಒಂದು ಗಳಿಗೆ ತಿಳಿಯಲಿಲ್ಲ.

"ನೋಡ್ದೆ. ಚೆನ್ನಾಗಿದೆ," ಎಂದಳು.

ಆಸ್ಪತ್ರೆಯ ಕೌಂಟರಿನಲ್ಲಿ ಕೂರುವ ಹೆಂಗಸನ್ನು ಅಲ್ಲಿನವರು ಕೌಂಟರಮ್ಮ ಎನ್ನುತ್ತಿದ್ದರು. ದಪ್ಪ ಕನ್ನಡಕ, ಸಿಡುಕು ಮಾತು, ಬೆರಳು ಮಾತ್ರ ಮಿಂಚು. ಪರೀಕ್ಷೆಯ ದಿನ ಎರಡು ಕಂಪ್ಯೂಟರಿನಲ್ಲಿ ಎರಡು ಫಾರ್ಮು ತೆರೆದಿಟ್ಟಿದ್ದರು. ಕೌಂಟರಮ್ಮ ಬಂದ ರೋಗಿಗಳ ವಿವರವನ್ನು ಮೊದಲು ನಾದಿನಿಯ ಫಾರ್ಮಿನಲ್ಲಿ ತುಂಬಿಸಲು ಶುರು ಮಾಡಿದಳು. ಸುಮಾರು ಹೊತ್ತು ಎಲ್ಲ ಸರಾಗ. ಯಜಮಾನರು ತಲೆದೂಗುತ್ತಿದ್ದರು. ಆಮೇಲೆ ಮಗಳ ಕೈ ಹಿಡಿದುಕೊಂಡು ಕೆನ್ನೆ ಊದಿದ ಒಬ್ಬ ಗಂಡಸು ಬಂದ. ಕೌಂಟರಮ್ಮ ಮಗುವಿಗೇ ಹಲ್ಲುನೋವು ಎಂದುಕೊಂಡು ಮಗು ಎಂದು ಗುರುತು ಹಾಕಿ ಪೋಷಕರ ಚೌಕ ತೆರೆದಳು.

"ನನಗೆ ಮೇಡಂ, ನನಗೆ," ಎಂದ ಆತ, ಊದಿದ ಕೆನ್ನೆಯ ಸಂದಿಯಿಂದ.

ಕೌಂಟರಮ್ಮ ಹಿಂದೆ ಹೋಗಿ ಬದಲಾಯಿಸಿದಳು. ಮುಂದಿನ ಬಟನ್ ಒತ್ತಿದಳು. ಮತ್ತೆ ಒತ್ತಿದಳು. "ಏನಿದು, ಸತ್ತೇ ಹೋಯ್ತಲ್ಲ!" ಎಂದು ಮೌಸನ್ನು ಮೇಜಿಗೆ ಕುಟ್ಟಿದಳು. ಹಿಂದೆ ಸಾಲು ಬೆಳೆಯಿತು. ಯಜಮಾನರ ಮುಖ ಹರಳೆಣ್ಣೆ ಕುಡಿದಂತಾಯಿತು. ನಾದಿನಿ ಬಗ್ಗಿ ಅದನ್ನು ಇದನ್ನು ಒತ್ತುತ್ತ, "ಒಂದ್ನಿಮಿಷ, ಒಂದೇ ನಿಮಿಷ," ಎನ್ನುತ್ತಿದ್ದಳು. ಅವಳ ಕತ್ತಿನವರೆಗೂ ಕೆಂಪೇರಿತ್ತು. ತಪ್ಪು ಎಲ್ಲಿದೆ ಎಂದು ಅವಳಿಗೆ ಹೊಳೆಯಲಿಲ್ಲ.

ನಂತರ ಜರಡಿಯ ಸರದಿ. ಅದು ಎಲ್ಲೂ ನಿಲ್ಲಲಿಲ್ಲ. ಕೆನ್ನೆ ಊದಿದವನನ್ನೂ ಸರಾಗವಾಗಿ ಒಳಗೆ ಕಳಿಸಿತು. ಆದರೆ ಕೌಂಟರಮ್ಮ ಹೊಗಳಲಿಲ್ಲ. "ಇದೇನು, ಒಂದಕ್ಷರ ಹೊಡೆಯೋದರೊಳಗೇ ತಪ್ಪು ಅಂತ ಕೆಂಪಗಾಗತ್ತೆ! ಪೂರ್ತಿ ಬರೆಯೋಕಾದ್ರೂ ಬಿಡ್ಬೇಕಲ್ವಾ? ಮೈಮೇಲೆ ಬಿದ್ದು ಬೈದ ಹಾಗಿರತ್ತೆ," ಎಂದಳು. ಆದರೂ ನಿಂತುಹೋಗದ ಫಾರ್ಮೇ ಅವಳಿಗೆ ಬೇಕಿತ್ತು. ಗೆದ್ದದ್ದು ಅತ್ತಿಗೆ.

ವಾಪಸು ಬಸ್ಸಿನಲ್ಲಿ ಇಬ್ಬರೂ ಪಕ್ಕಪಕ್ಕ ಕೂತರು. ಅತ್ತಿಗೆ ಸಮಾಧಾನದ ಎರಡು ಮಾತನ್ನು ಮನಸ್ಸಿನಲ್ಲೇ ಹೊಂದಿಸಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ನಾದಿನಿ ಕಿಟಕಿಯಾಚೆ ನೋಡುತ್ತಲೇ, "ನಿಮಗೆ ಮೊದ್ಲೇ ಗೊತ್ತಿತ್ತು, ಅಲ್ವಾ ಅತ್ತಿಗೆ?" ಎಂದಳು.

"ಏನು?"

"ಬಟನ್ ನಿಂತಾಗ ಎಲ್ರೂ ಸ್ಕ್ರೀನ್ ನೋಡಿದ್ರು. ನೀವು ನನ್ನ ಮುಖ ನೋಡ್ತಿದ್ರಿ."

ಅತ್ತಿಗೆ ಮಡಿಲಲ್ಲಿದ್ದ ಚೀಲದ ಹಿಡಿಯನ್ನು ಸರಿಮಾಡತೊಡಗಿದಳು. ಹುಡುಗಿ ಅಳಲಿಲ್ಲ, ಜಗಳ ತೆಗೆಯಲಿಲ್ಲ. ಇಳಿಯುವ ಜಾಗ ಬಂದಾಗ ಎಂದಿನಂತೆ ಅತ್ತಿಗೆಯ ಚೀಲವನ್ನೂ ತಾನೇ ಎತ್ತಿಕೊಂಡು ಇಳಿದಳು.

ಮನೆಯಲ್ಲಿ ಗಂಡ ಬಾಗಿಲಲ್ಲೇ, "ಗೆದ್ಯಂತೆ! ಇವಳು ಫೋನ್ ಮಾಡಿ ಹೇಳಿದ್ಲು," ಎಂದು ಹಲ್ಲು ಕಾಣುವಂತೆ ನಕ್ಕ. ಯಾವ ನಗುವಿಗಾಗಿ ಅವಳು ಅಷ್ಟು ದಿನ ಒಳಗೊಳಗೇ ಬೆಂದಿದ್ದಳೋ ಅದೇ ನಗು. ಅವಳು ತಲೆನೋವು ಎಂದು ಹೇಳಿ ಕೋಣೆ ಸೇರಿದಳು. ಹುಡುಗಿ ಅಣ್ಣನಿಗೆ ಏನನ್ನೂ ಹೇಳಿರಲಿಲ್ಲ. ಮಾರನೆಯ ದಿನವೂ ಹೇಳಲಿಲ್ಲ. ಬಾಯಿಗೆ ಬಂದಂತೆ ಬೈದಿದ್ದರೆ ಅತ್ತಿಗೆಗೆ ತಿರುಗಿ ಬೈಯುವ ದಾರಿಯಾದರೂ ಇರುತ್ತಿತ್ತು. ಒಳ್ಳೆಯತನದಲ್ಲೂ ಇವಳೇ ಮುಂದೆ ಎಂದು, ಅದಕ್ಕೂ ಅವಳ ಹೊಟ್ಟೆ ಉರಿಯಿತು. ಅಂಥ ಹೊತ್ತಿನಲ್ಲೂ!

ಎರಡು ದಿನ ತಡೆದು ಅವಳು ಯಜಮಾನರ ಕೋಣೆಗೆ ಹೋದಳು. ಕೆಳಗೆ ಯಂತ್ರ ಓಡುತ್ತಿತ್ತು, ಮೇಜಿನ ಮೇಲಿನ ಚಹಾದಲ್ಲಿ ಸಣ್ಣ ಅಲೆ ಏಳುತ್ತಿತ್ತು. "ಸರ್, ಆ ತಪ್ಪು ನನಗೆ ಭಾನುವಾರವೇ ಕಂಡಿತ್ತು. ಅವಳು ನೋಡಿ ಹೇಳಿ ಅಂತ ಕೇಳಿದ್ಲು. ಚೆನ್ನಾಗಿದೆ ಅಂದೆ," ಎಂದಳು.

ಯಜಮಾನರು ಅವಳನ್ನು ದಿಟ್ಟಿಸಿ ನೋಡಿದರು. ಉಪದೇಶ ಮಾಡುವ ಮನುಷ್ಯರಲ್ಲ. "ಮನೆ ಜಗಳ ಮನೇಲಿಟ್ಕೊಳ್ಳಿ. ಗಿರಾಕಿ ಮುಂದೆ ನನ್ನ ಮಾನ ಹೋಗಿದ್ದು ಮಾತ್ರ ನಾನು ಮರೆಯಲ್ಲ," ಎಂದರು. ಆಮೇಲೆ ಸ್ವಲ್ಪ ಮೆತ್ತಗಾಗಿ, "ಈಗ ನಿಜ ಹೇಳಿ. ಎರಡರಲ್ಲಿ ಯಾವ್ದು ಆರಿಸ್ಬೇಕು? ನೀವು ಹೇಳಿದ್ದೇ ಆಗ್ಲಿ," ಎಂದರು.

ಅವಳು ಸ್ವಲ್ಪ ಸಮಯ ಕೇಳಿ ಪಡೆದಳು. ತನ್ನ ಮೇಜಿಗೆ ಬಂದು, ಅದುವರೆಗೆ ಮೂಗು ಮುರಿಯುತ್ತಿದ್ದ ಆ ಲೈಬ್ರರಿಯನ್ನು ಮೊದಲ ಸಾಲಿನಿಂದ ಓದತೊಡಗಿದಳು. ಮೊದಲು ಅದರಲ್ಲಿ ಹುಳುಕು ಹುಡುಕಿದಳು. ಆಮೇಲೆ ಸುಮ್ಮನೆ ಓದಿದಳು. ಮರೆಯಾದ ಚೌಕದ ನಿಯಮವನ್ನೂ ಜೊತೆಗೇ ಕಿತ್ತುಹಾಕುವ ಏರ್ಪಾಡು ಅದರಲ್ಲಿ ಇತ್ತು, ಹುಡುಗಿ ಅದನ್ನು ಬಳಸಿರಲಿಲ್ಲ ಅಷ್ಟೆ. ಕಣ್ಣು ಕಾಣದವರಿಗೆ ತಪ್ಪನ್ನು ಓದಿ ಹೇಳುವ ವ್ಯವಸ್ಥೆ ಇತ್ತು. ಅದು ಅವಳಿಗೆ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಮುಖ ನೋಡಿರದ ಯಾರೋ, ಎಲ್ಲೋ ಕೂತು, ತಾನು ತಲೆಕೆರೆದುಕೊಂಡ ಪ್ರತಿಯೊಂದು ಪ್ರಶ್ನೆಗೂ ತನಗಿಂತ ಮೊದಲೇ ತಲೆಕೆರೆದುಕೊಂಡಿದ್ದರು. ಈಗ ಅವಳಿಗೆ ಅವರ ಮೇಲೂ ಹೊಟ್ಟೆಕಿಚ್ಚಾಯಿತು. ನಾದಿನಿಯ ಮೇಲಿನದು ಅದರ ಮುಂದೆ ಏನೂ ಅಲ್ಲವೆನ್ನುವಷ್ಟು.

ಆದರೆ ಅವಳಿಗಳ ವಿಷಯ ಅದಕ್ಕೆ ಗೊತ್ತಿರಲಿಲ್ಲ. ಒಂದಕ್ಷರದ ಹೆಸರನ್ನು ಏನು ಮಾಡಬೇಕೆಂದೂ ಗೊತ್ತಿರಲಿಲ್ಲ. ಅವನ್ನು ಯಾರಾದರೂ ಹೇಳಿಕೊಡಬೇಕಿತ್ತು.

"ಹೊಸದನ್ನೇ ಇಟ್ಕೊಳ್ಳೋಣ ಸರ್," ಎಂದು ಅವಳು ಸಭೆಯಲ್ಲಿ ಎಲ್ಲರೆದುರು ಹೇಳಿದಳು. "ಫಾರ್ಮ್ ನಡೆಸೋದನ್ನ ಅದು ಮಾಡ್ಲಿ. ಜರಡೀಲಿರೋ ನಿಯಮಗಳನ್ನ ನಾನು ಒಂದೊಂದಾಗಿ ಅದಕ್ಕೆ ಹೊಂದಿಸಿ ಬರೀತೀನಿ. ಇವಳು ಜೊತೆಗಿರ್ಲಿ. ತುಂಬಿಸೋವಾಗ ಬೈಯೋದನ್ನ ನಿಲ್ಲಿಸೋಣ, ಕೌಂಟರಮ್ಮ ಹೇಳಿದ್ದು ಸರಿ."

ಜರಡಿಯನ್ನು ಬಿಚ್ಚುವ ಕೆಲಸ ಬಹಳ ದಿನ ನಡೆಯಿತು. ಒಂದೊಂದು ನಿಯಮ ಬಂದಾಗಲೂ ನಾದಿನಿ, "ಇದ್ಯಾಕೆ ಬರೆದ್ರಿ?" ಎಂದು ಕೇಳುತ್ತಿದ್ದಳು. ಅತ್ತಿಗೆ ಮೊದಮೊದಲು ಒಂದು ಮಾತಿನಲ್ಲಿ ಮುಗಿಸುತ್ತಿದ್ದವಳು, ಬರಬರುತ್ತ ಕತೆಯನ್ನೇ ಹೇಳತೊಡಗಿದಳು. ಅವಳಿಗಳ ತಾಯಿಯ ಕೂಗಾಟ ಕೇಳಿ ಹುಡುಗಿ ಮೇಜಿಗೆ ತಲೆಯಿಟ್ಟು ನಕ್ಕಳು. ಆದರೂ ಬಸ್ಸಿನಲ್ಲಿ ಆಡಿದ ಮಾತಿನ ಬಗ್ಗೆ ಇಬ್ಬರೂ ತುಟಿ ಬಿಚ್ಚಲಿಲ್ಲ. ಹೊಸ ಫಾರ್ಮು ಆಸ್ಪತ್ರೆಯ ಎಲ್ಲ ಶಾಖೆಗಳಿಗೂ ಹೋಯಿತು. ಕೌಂಟರಮ್ಮ ಫೋನು ಮಾಡಿ ದೂರು ಹೇಳಲಿಲ್ಲ, ಅವಳ ಮಟ್ಟಿಗೆ ಅದೇ ದೊಡ್ಡ ಹೊಗಳಿಕೆ. ಯಜಮಾನರು ಅದನ್ನು ಎಲ್ಲರ ಮುಂದೆ 'ನಮ್ಮ ಹುಡುಗಿಯ ಫಾರ್ಮು' ಎಂದರು. ಅತ್ತಿಗೆ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು. ಅಂಗೈ ಮಾತ್ರ ಉರಿಯಿತು.

ವರ್ಷ ಕಳೆದ ಮೇಲೆ ನಾದಿನಿ ಫಾರ್ಮಿನ ಕೆಲಸದ ತಂಡಕ್ಕೆ ಮುಖ್ಯಸ್ಥೆಯಾದಳು. ಅಣ್ಣನ ಮನೆಯಿಂದ ನಾಲ್ಕು ರಸ್ತೆ ಆಚೆ ಒಂದು ಸಣ್ಣ ಮನೆ ಹಿಡಿದಳು. ಅತ್ತಿಗೆ ಪಾತ್ರೆಪಗಡಿ ಜೋಡಿಸಲು ಹೋದಳು. ಮೇಲಿನ ಅಂತಸ್ತು, ಎರಡು ಕಡೆ ಕಿಟಕಿ, ಬೆಳಕು ನೆಲದ ಮೇಲೆ ಚೆಲ್ಲಿದಂತಿತ್ತು. ಮದುವೆಯಾದಾಗಿನಿಂದ ಅವಳು ಇಂಥದೊಂದು ಮನೆಗೆ ಆಸೆಪಟ್ಟಿದ್ದಳು, ಯಾರಲ್ಲೂ ಹೇಳಿರಲಿಲ್ಲ. ಕಿಟಕಿಗೆ ಹುಡುಗಿ ಹಾಕಿದ್ದ ಹಳದಿ ಬಟ್ಟೆ ಗಾಳಿಗೆ ಏಳುತ್ತಿತ್ತು. ಕೈಯಲ್ಲಿ ತಟ್ಟೆಗಳ ಕಟ್ಟು ಹಿಡಿದುಕೊಂಡೇ ಅತ್ತಿಗೆ ನಡುಮನೆಯಲ್ಲಿ ನಿಂತುಬಿಟ್ಟಳು.

"ಯಾಕೆ ಅತ್ತಿಗೆ?"

"ಹೊಟ್ಟೆಕಿಚ್ಚಾಗ್ತಿದೆ ಕಣೇ," ಎಂದಳು ಅವಳು. ಆ ಪದವನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅದು ಇಷ್ಟು ಸುಲಭವಾಗಿ ಹೊರಗೆ ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. "ಈ ಕಿಟಕಿ ನೋಡು. ಆ ಬಟ್ಟೆ ನೋಡು. ಆವತ್ತು ನಿನ್ನ ಫಾರ್ಮ್ ನೋಡಿದಾಗ್ಲೂ ಹೀಗೇ ಆಗಿತ್ತು. ಹೇಳದೆ ಉಳಿದೆ. ನಿಂಗೆ ಹಾಗೆ ಮಾಡ್ಬಾರ್ದಾಗಿತ್ತು."

ನಾದಿನಿ ಬಂದು ತಟ್ಟೆಗಳ ಕಟ್ಟನ್ನು ಅವಳ ಕೈಯಿಂದ ತೆಗೆದುಕೊಂಡಳು.

"ನನಗೂ ಆವತ್ತು ತುಂಬಾ ಸಿಟ್ಟು ಬಂದಿತ್ತು ಅತ್ತಿಗೆ. ಇನ್ನೂ ಸ್ವಲ್ಪ ಇದೆ," ಎಂದಳು. "ಕೂತ್ಕೊಳ್ಳಿ. ಕಿಟಕಿ ಹತ್ರ ಕುರ್ಚಿ ಹಾಕ್ತೀನಿ."

ಅತ್ತಿಗೆ ಕೂತಳು. ಹೊಟ್ಟೆಕಿಚ್ಚು ಹೋಗಿರಲಿಲ್ಲ. ಬೆಳಕು ಮಾತ್ರ ಚೆನ್ನಾಗಿತ್ತು. ಅವಳು ಹುಡುಗಿ ತಂದುಕೊಟ್ಟ ಚಹಾ ಮುಗಿಯುವವರೆಗೂ ಅಲ್ಲಿಂದ ಏಳಲಿಲ್ಲ.